ಅಮ್ಮನಿಗೆ ಥೈರಾಯ್ಡ್, ಅಜ್ಜಿಗೆ ಸಂಧಿವಾತ: ಮಗುವಿನ ಪ್ಲೇಟ್‌ಲೆಟ್ ಕುಸಿದದ್ದು ಅದರಿಂದಲೇ?

ಪ್ರಶ್ನೆ: ನಾಲ್ಕು ವರ್ಷದ ಮಗನ ಮೈಮೇಲೆಲ್ಲ ಕೆಂಪು ಚುಕ್ಕೆ ಎದ್ದವು. ಪ್ಲೇಟ್‌ಲೆಟ್ 14,000 ಬಂತು, ಐಟಿಪಿ (ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್ ನಾಶಮಾಡುವ ಕಾಯಿಲೆ) ಎಂದರು. ನನಗೆ ಹಾಶಿಮೊಟೊ ಥೈರಾಯ್ಡ್, ನನ್ನ ತಾಯಿಗೆ ರುಮಟಾಯ್ಡ್ ಸಂಧಿವಾತ. ಇದು ನಮ್ಮಿಂದ ಬಂತೇ? ಅವನ ತಂಗಿಗೂ ಬರುತ್ತದೆಯೇ?

ಉತ್ತರ: ನಿಮ್ಮ ಕಾಯಿಲೆ ಅವನಿಗೆ ದಾಟಿಲ್ಲ. ಸ್ವಂತ ಜೀವಕೋಶಗಳ ಮೇಲೆಯೇ ಎರಗುವ ರೋಗನಿರೋಧಕ ವ್ಯವಸ್ಥೆಯ ಒಲವು ಕುಟುಂಬಗಳಲ್ಲಿ ಹರಿದು ಬರುವುದು ನಿಜ; ನಿಮ್ಮ, ನಿಮ್ಮ ತಾಯಿಯ ಕಾಯಿಲೆಗಳೂ ಇಂಥ ಸ್ವಯಂನಿರೋಧಕ ಕಾಯಿಲೆಗಳೇ. ಆದರೆ ಅಂಥ ಮನೆಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಮಕ್ಕಳ ಐಟಿಪಿ ಸಾಮಾನ್ಯವಾಗಿ ಶೀತ, ಜ್ವರದಂಥ ವೈರಲ್ ಸೋಂಕಾದ ಒಂದರಿಂದ ಮೂರು ವಾರದಲ್ಲಿ ಕಾಣಿಸುತ್ತದೆ: ಪ್ರತಿಕಾಯಗಳು ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತವೆ, ಗುಲ್ಮ (ಸ್ಪ್ಲೀನ್) ಅವನ್ನು ಹಿಡಿದು ನಾಶಮಾಡುತ್ತದೆ. ಹೆಚ್ಚಿನ ಮಕ್ಕಳು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ತಂಗಿಗೆ ಲಕ್ಷಣವಿಲ್ಲದಿದ್ದರೆ ರಕ್ತ ಪರೀಕ್ಷೆ ಬೇಡ.

ಹಾಗಾದರೆ ವೈದ್ಯರು ಮನೆಮಂದಿಯ ಆರೋಗ್ಯವನ್ನು ಇಷ್ಟೊಂದು ಕೆದಕುವುದೇಕೆ? ಅವರಿಗೆ ಥೈರಾಯ್ಡ್‌ಗಿಂತ ಬೇಕಾದ ಮಾಹಿತಿ ಬೇರೆಯೇ ಇದೆ, ಹೆತ್ತವರು ಮರೆಯುವುದೂ ಅದನ್ನೇ. ಮನೆಯಲ್ಲಿ ಬೇರೆ ಯಾರಿಗಾದರೂ ಪ್ಲೇಟ್‌ಲೆಟ್ ಕಡಿಮೆ ಇತ್ತೇ? ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಹೋಗಿತ್ತೇ? ಗುಲ್ಮ ತೆಗೆಸಿಕೊಂಡವರು, ಚಿಕ್ಕಂದಿನಲ್ಲೇ ತೀರಿಹೋದ ಗಂಡುಮಕ್ಕಳು ಇದ್ದಾರೆಯೇ? ಇದ್ದರೆ ಇದು ಐಟಿಪಿಯಾಗಿರದೆ ವಂಶವಾಹಿಯ ದೋಷವಿರಬಹುದು. ಅದಕ್ಕೆ ಸ್ಟಿರಾಯ್ಡ್ ಕೊಟ್ಟು ಪ್ರಯೋಜನವಿಲ್ಲ. ಇಲ್ಲಿ ರಕ್ತದ ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ದೊಡ್ಡ ಸುಳಿವು ಕೊಡುತ್ತದೆ. ಪ್ಲೇಟ್‌ಲೆಟ್‌ಗಳು ದೈತ್ಯಗಾತ್ರದಲ್ಲಿದ್ದರೆ ಎಂವೈಎಚ್9 ಎಂಬ ವಂಶವಾಹಿಯ ದೋಷದ ಕಡೆ ಗಮನ ಹೋಗುತ್ತದೆ. ತೀರಾ ಚಿಕ್ಕದಿದ್ದು, ಗಂಡುಮಗುವಿಗೆ ಎಕ್ಸಿಮಾ (ತುರಿಕೆಯ ಚರ್ಮರೋಗ), ಪದೇಪದೇ ಕಿವಿ ಸೋಂಕು ಇದ್ದರೆ ವಿಸ್ಕಾಟ್-ಆಲ್ಡ್ರಿಚ್ ಎಂಬ ಆನುವಂಶಿಕ ರೋಗನಿರೋಧಕ ಕೊರತೆ ನೆನಪಾಗಬೇಕು. ನಿಮ್ಮ ಹೆರಿಗೆಯ ಸಮಯದ್ದೋ ಹಳೆಯ ಆಪರೇಷನ್‌ನದ್ದೋ ರಕ್ತದ ರಿಪೋರ್ಟ್ ಇದ್ದರೆ ಹುಡುಕಿ ತನ್ನಿ. ಮಗನದೇ ಹಳೆಯ ರಿಪೋರ್ಟ್ ಸಿಕ್ಕರಂತೂ ಇನ್ನೂ ಒಳ್ಳೆಯದು: ಹಿಂದೊಮ್ಮೆ ಸಂಖ್ಯೆ ಸರಿಯಾಗಿತ್ತು ಎಂದರೆ ಹುಟ್ಟಿನಿಂದ ಬಂದ ದೋಷದ ಸಾಧ್ಯತೆ ತಗ್ಗುತ್ತದೆ.

ಕುಟುಂಬದಲ್ಲಿ ಸ್ವಯಂನಿರೋಧಕ ಕಾಯಿಲೆಗಳು ಗುಂಪಾಗಿದ್ದು, ಮಗುವಿಗೆ ಹಿಮೋಗ್ಲೋಬಿನ್ ಕೂಡ ಕುಸಿದು ಕಾಮಾಲೆ ಕಂಡರೆ ಲೆಕ್ಕ ಬದಲಾಗುತ್ತದೆ. ಆಗ ಕೆಂಪು ರಕ್ತಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಬೇಕು. ಪಾಸಿಟಿವ್ ಬಂದರೆ ಎವಾನ್ಸ್ ಸಿಂಡ್ರೋಮ್ (ಪ್ಲೇಟ್‌ಲೆಟ್ ಜೊತೆಗೆ ಕೆಂಪು ರಕ್ತಕಣಗಳ ಮೇಲೂ ದಾಳಿ) ಶಂಕೆ ಬಲವಾಗುತ್ತದೆ. ಗುಲ್ಮ, ದುಗ್ಧಗ್ರಂಥಿಗಳು ಊದಿಕೊಂಡೇ ಇದ್ದರೆ ಎಎಲ್‌ಪಿಎಸ್ (ಬಿಳಿ ರಕ್ತಕಣಗಳು ಸಾಯದೆ ಗುಡ್ಡೆಯಾಗುವ ಆನುವಂಶಿಕ ಕಾಯಿಲೆ) ಅಥವಾ ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ಸಿಟಿಎಲ್‌ಎ4ನಂಥ ವಂಶವಾಹಿಗಳ ದೋಷದ ತಪಾಸಣೆಯ ಮಾತು ಬರುತ್ತದೆ. ಇಮ್ಯುನೊಗ್ಲೋಬುಲಿನ್ (ಪ್ರತಿಕಾಯ) ಮಟ್ಟ ನೋಡುವುದಾದರೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) ಹಾಕುವ ಮೊದಲೇ ರಕ್ತ ತೆಗೆಯಬೇಕು. ಹಾಕಿದ ಮೇಲೆ ಅಳೆದರೆ ದಾನಿಗಳ ಐಜಿಜಿ ಪ್ರತಿಕಾಯವೂ ಲೆಕ್ಕಕ್ಕೆ ಸೇರಿ, ಮಗುವಿನ ಕೊರತೆ ಮುಚ್ಚಿಹೋಗುತ್ತದೆ. ತುರ್ತಿನ ಗಡಿಬಿಡಿಯಲ್ಲಿ ಇದು ತಪ್ಪಿಹೋಗುವುದುಂಟು, ಕೇಳಿ ನೋಡಿ.

ತಾಯಿಯಿಂದ ನೇರವಾಗಿ ದಾಟುವ ಸಂದರ್ಭವೂ ಒಂದಿದೆ. ಗರ್ಭಿಣಿಗೇ ಐಟಿಪಿ ಇದ್ದರೆ ಆಕೆಯ ಪ್ರತಿಕಾಯಗಳು ಮಾಸುಚೀಲದ ಮೂಲಕ ಶಿಶುವಿಗೆ ಹೋಗಬಹುದು. ಹುಟ್ಟಿದ ಮೊದಲ ದಿನಗಳಲ್ಲಿ ಪ್ಲೇಟ್‌ಲೆಟ್ ಇಳಿದು, ಆ ಪ್ರತಿಕಾಯಗಳು ಕರಗಿದಂತೆ ಏರುತ್ತದೆ. ನಾಲ್ಕು ವರ್ಷದವನ ವಿಷಯ ಅದಲ್ಲ.

ಸಂಖ್ಯೆ ಏರುವವರೆಗೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೂಗಿನಿಂದ ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ, ತಲೆನೋವಿನ ಜೊತೆ ವಾಂತಿಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.