ಕರುಳು ಚುರ್ ಎಂದ ಮೇಲೆ

ಯಾರಾದರೂ ನರಳುವುದನ್ನು ಕಂಡರೆ ನಮಗೆ ಕರುಳು ಚುರ್ ಎನ್ನುತ್ತದೆ. ಕನ್ನಡದಲ್ಲಿ ಕನಿಕರ ಹುಟ್ಟುವ ಜಾಗವೇ ಅದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದ ಗ್ರೀಕ್ ಭಾಷೆಯಲ್ಲೂ ಹಾಗೇ. ಯೇಸು ಜನರನ್ನು ನೋಡಿ ಕನಿಕರಪಟ್ಟನು ಎಂದು ನಾವು ಓದುವ ಕಡೆ ಮೂಲದಲ್ಲಿ ‘ಸ್ಪ್ಲಾಂಖ್ನಿಜೊಮಾಯ್’ ಎಂಬ ಮಾತಿದೆ. ‘ಸ್ಪ್ಲಾಂಖ್ನಾ’ ಅಂದರೆ ಒಡಲೊಳಗಿನ ಅಂಗಗಳು, ಕರುಳು.

ಹೊಸ ಒಡಂಬಡಿಕೆಯಲ್ಲಿ ‘ಸ್ಪ್ಲಾಂಖ್ನಿಜೊಮಾಯ್’ ಎಂಬ ಮಾತು ಯೇಸುವಿನ ಬದುಕನ್ನು ಹೇಳುವ ಮೊದಲ ಮೂರು ಸುವಾರ್ತೆಗಳಲ್ಲಿ ಮಾತ್ರ ಬರುತ್ತದೆ. ಅದೂ ಯೇಸುವಿನ ಬಗ್ಗೆ, ಇಲ್ಲವೇ ಆತ ಹೇಳಿದ ಕಥೆಗಳಲ್ಲಿನ ಜನರ ಬಗ್ಗೆ. ಅದು ಬಂದ ಕಡೆಯೆಲ್ಲ ಮರುಗಳಿಗೆಯಲ್ಲೇ ಏನಾದರೂ ಒಂದು ನಡೆಯುತ್ತದೆ. ಹಸಿದವರಿಗೆ ಊಟ ಸಿಗುತ್ತದೆ. ಕುಷ್ಠರೋಗಿಯ ಮೈಮೇಲೆ ಕೈ ಇಡಲಾಗುತ್ತದೆ. ದಾರಿ ತಪ್ಪಿ ಹೋಗಿದ್ದ ಮಗನ ಕಡೆಗೆ ತಂದೆ ಓಡುತ್ತಾನೆ. ಕರುಳು ಚುರ್ ಎಂದ ಮೇಲೆ ಕೈ ಸುಮ್ನೆ ಕೂರುವುದಿಲ್ಲ. ಕ್ರೈಸ್ತರು ಈ ಎರಡು ಸಾವಿರ ವರ್ಷಗಳಲ್ಲಿ ಆ ಕೈಯಿಂದ ಏನು ಮಾಡಿದರು, ಎಲ್ಲೆಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡರು ಎಂಬುದೇ ಈ ಲೇಖನದ ವಿಷಯ.

ಇದು ಯೇಸುವಿನಿಂದ ಶುರುವಾದದ್ದಲ್ಲ. ಆತ ಯೆಹೂದ್ಯ. ಯೆಹೂದ್ಯರ ಧರ್ಮಗ್ರಂಥ ಓದಿ ಬೆಳೆದವನು. ಆ ಗ್ರಂಥದ ಹೀಬ್ರೂ ಭಾಷೆಯಲ್ಲಿ ಕರುಣೆಗೆ ‘ರಹಮೀಮ್’ ಎನ್ನುತ್ತಾರೆ. ಅದೇ ಬೇರಿನ ‘ರೆಹೆಮ್’ ಎಂಬ ಪದಕ್ಕೆ ತಾಯಿಯ ಗರ್ಭ ಎಂದು ಅರ್ಥ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ ತೆನೆ ಆಯಬೇಡಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎನ್ನುತ್ತದೆ ಯಾಜಕಕಾಂಡ. ಹೊಲದಲ್ಲಿ ಒಂದು ಸಿವುಡು ಮರೆತು ಬಂದರೆ ತರಲು ತಿರುಗಿ ಹೋಗಬೇಡ ಎನ್ನುತ್ತದೆ ಧರ್ಮೋಪದೇಶಕಾಂಡ. ಯಾಕೆ? ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು, ಅದನ್ನು ಮರೆಯಬೇಡಿ ಎಂದು. ಕರುಣೆ ಇಲ್ಲಿ ದೊಡ್ಡವರು ಚಿಕ್ಕವರಿಗೆ ಹಾಕುವ ಭಿಕ್ಷೆಯಲ್ಲ. ಒಂದು ಕಾಲಕ್ಕೆ ನೊಂದವರ ನೆನಪು ಅದು.

ಆಮೇಲೆ ಆ ಪ್ರಸಿದ್ಧ ಪ್ರಶ್ನೆ ಬರುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಎಲ್ಲರಿಗೂ ಗೊತ್ತಿತ್ತು. ಧರ್ಮಶಾಸ್ತ್ರ ಬಲ್ಲವನೊಬ್ಬ ಯೇಸುವನ್ನು ಕೇಳಿದ: ನನ್ನ ನೆರೆಯವನು ಯಾರು? ಎಷ್ಟು ಜನರವರೆಗೆ ಪ್ರೀತಿಸಿದರೆ ಸಾಕು ಎಂದು ಕೇಳಿದ ಹಾಗೆ. ಅದಕ್ಕೆ ಯೇಸು ಒಂದು ಕಥೆ ಹೇಳಿದ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಡಿ ಹೋಗುತ್ತಾರೆ. ಯಾಜಕನೊಬ್ಬ ನೋಡಿಯೂ ಆಚೆ ಬದಿಯಲ್ಲಿ ಹೋಗುತ್ತಾನೆ. ದೇವಾಲಯದ ಸೇವೆ ಮಾಡುವ ಲೇವಿಯನೂ ಹಾಗೇ ಹೋಗುತ್ತಾನೆ. ಮೂರನೆಯವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಹಳೆಯ ಹಗೆ. ಆದರೆ ಕರುಳು ಚುರ್ ಎಂದದ್ದು ಅವನಿಗೆ.

ಮುಂದೆ ಅವನು ಮಾಡುವ ಕೆಲಸಗಳನ್ನು ಒಂದೊಂದಾಗಿ ನೋಡಬೇಕು. ಹತ್ತಿರ ಹೋಗುತ್ತಾನೆ. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಪಟ್ಟಿ ಕಟ್ಟುತ್ತಾನೆ. ತನ್ನ ವಾಹನದ ಮೇಲೆ ಕೂರಿಸುತ್ತಾನೆ. ಛತ್ರಕ್ಕೆ ಕರೆದೊಯ್ದು ರಾತ್ರಿ ಆರೈಕೆ ಮಾಡುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ ಎನ್ನುತ್ತಾನೆ. ಔಷಧ, ಸಾಗಣೆ, ವಸತಿ, ಹಣ, ಮತ್ತೆ ಬಂದು ನೋಡುವ ಮಾತು, ಎಲ್ಲವೂ ಇದೆ. ಬೋಧನೆ ಮಾತ್ರ ಒಂದು ಸಾಲೂ ಇಲ್ಲ. ಕೊನೆಗೆ ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾನೆ. ಈ ಮೂವರಲ್ಲಿ ಯಾರು ಅವನಿಗೆ ನೆರೆಯವನಾದ? ನೆರೆಯವನು ಯಾರೆಂದು ಹುಡುಕುವುದಲ್ಲ, ನೀನೇ ನೆರೆಯವನಾಗು ಎಂದ ಹಾಗಾಯಿತು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿದ್ದವರು. ಇವರಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಎನ್ನುತ್ತಾನೆ ನ್ಯಾಯತೀರಿಸುವ ಅರಸ. ಅಲ್ಲಿ ಮೆಚ್ಚುಗೆ ಪಡೆದವರಿಗೇ ಆಶ್ಚರ್ಯ. ನಿನ್ನನ್ನು ನಾವು ಯಾವಾಗ ನೋಡಿದೆವು ಎಂದು ಕೇಳುತ್ತಾರೆ. ಪುಣ್ಯದ ಲೆಕ್ಕ ಇಟ್ಟು ಮಾಡಿದವರಲ್ಲ ಅವರು. ಎದುರಿಗೆ ಹಸಿವಿತ್ತು, ಊಟ ಕೊಟ್ಟರು. ನನಗೆ ಇಡೀ ಬೈಬಲಿನಲ್ಲಿ ತುಂಬಾ ಹಿಡಿಸಿದ ಪ್ರಶ್ನೆ ಅದು.

ಆದರೆ ಮೊದಲ ಸಭೆಯಲ್ಲೇ ಜಗಳ ಹುಟ್ಟಿತು ನೋಡಿ. ಯೆರೂಸಲೇಮಿನ ಕ್ರೈಸ್ತರು ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಬೈಬಲಿನ ಅಪೊಸ್ತಲರ ಕೃತ್ಯಗಳ ಪುಸ್ತಕದ 6ನೇ ಅಧ್ಯಾಯ ಅದನ್ನು ಮುಚ್ಚಿಡುವುದಿಲ್ಲ. ದೂರು ಕೇಳಿ, ಈ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದರು. ಏಳೂ ಗ್ರೀಕ್ ಹೆಸರುಗಳು. ಅನ್ಯಾಯ ಯಾರಿಗಾಗಿತ್ತೋ ಅವರ ಕಡೆಯವರ ಕೈಗೇ ಹಂಚಿಕೆ ಒಪ್ಪಿಸಿದ ಹಾಗೆ ಕಾಣುತ್ತದೆ. ಬರೀ ಮನಸ್ಸು ಒಳ್ಳೆಯದಿದ್ದರೆ ಸಾಲದು, ಹಂಚಿಕೆಯೂ ಸರಿ ಇರಬೇಕು ಎಂದು ಸಭೆ ಕಲಿತದ್ದು ಅಲ್ಲಿ.

ಎರಡನೇ ಶತಮಾನದ ನಡುವೆ ರೋಮ್‌ನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ತನ್ನ ಕಾಲದ ಭಾನುವಾರದ ಆರಾಧನೆಯನ್ನು ವಿವರಿಸಿದ್ದಾನೆ. ಅನುಕೂಲ ಇದ್ದವರು ಮನಸ್ಸಿಗೆ ಬಂದಷ್ಟು ಕೊಡುತ್ತಿದ್ದರು. ಸಭೆ ನಡೆಸುವವರು ಅದರಿಂದ ಅನಾಥರನ್ನೂ ವಿಧವೆಯರನ್ನೂ ರೋಗಿಗಳನ್ನೂ ಕೈದಿಗಳನ್ನೂ ನೋಡಿಕೊಳ್ಳುತ್ತಿದ್ದರು. 251ರ ಸುಮಾರಿಗೆ ರೋಮ್‌ನ ಬಿಷಪ್ ಕಾರ್ನೇಲಿಯಸ್ ಬರೆದ ಪತ್ರದಲ್ಲಿ ಒಂದು ಸಂಖ್ಯೆ ಉಳಿದಿದೆ. ಆ ಒಂದು ಸಭೆ ಸಾಕುತ್ತಿದ್ದ ವಿಧವೆಯರೂ ಕಷ್ಟದಲ್ಲಿದ್ದವರೂ 1,500ಕ್ಕೂ ಜಾಸ್ತಿ. ಸರ್ಕಾರದ ಮನ್ನಣೆ ಇಲ್ಲದೆ, ಹಿಂಸೆಯ ನೆರಳಿನಲ್ಲಿ ಬದುಕುತ್ತಿದ್ದ ಸಭೆ ಅದು.

ಅದೇ ಹೊತ್ತಿಗೆ ರೋಮನ್ ಸಾಮ್ರಾಜ್ಯದಲ್ಲಿ ದೊಡ್ಡ ಸಾಂಕ್ರಾಮಿಕ ಹಬ್ಬಿತು. ವರ್ಷಗಟ್ಟಲೆ ಕಾಡಿತು. ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ಆ ದಿನಗಳ ಬಗ್ಗೆ ಬರೆದಿದ್ದಾನೆ. ಎಷ್ಟೋ ಜನ ಸ್ವಂತದವರನ್ನೇ ಬೀದಿಗೆ ಹಾಕಿ ಓಡಿದರು. ಕ್ರೈಸ್ತರಲ್ಲಿ ಹಲವರು ರೋಗಿಗಳ ಪಕ್ಕದಲ್ಲೇ ಉಳಿದರು, ಅದೇ ರೋಗ ತಗುಲಿ ಸತ್ತರು. ಆತ ತನ್ನ ಕಡೆಯವರನ್ನು ಹೊಗಳಿಯೇ ಬರೆದಿರಬಹುದು, ಅದು ಗಮನದಲ್ಲಿರಲಿ. ಕಾರ್ಥೇಜಿನಲ್ಲಿ ಬಿಷಪ್ ಸಿಪ್ರಿಯನ್, ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ ಎಂದು ತನ್ನ ಜನರನ್ನು ಎಚ್ಚರಿಸಿದ. ಹಿಂಸೆ ಕೊಟ್ಟವರಿಗೂ ನೀರು ಕುಡಿಸಿ ಎಂಬುದು ಆ ಮಾತಿನ ಅರ್ಥ. ಎಷ್ಟು ಕಷ್ಟದ ಮಾತು, ಅಲ್ವಾ?

ಹೊಗಳಿಕೆ ಎಂದು ತಳ್ಳಿಹಾಕಲು ಆಗದ ಸಾಕ್ಷಿಯೂ ಒಂದಿದೆ. 362ರ ಸುಮಾರಿಗೆ ಜೂಲಿಯನ್ ಚಕ್ರವರ್ತಿ ಒಬ್ಬ ಪುರೋಹಿತನಿಗೆ ಪತ್ರ ಬರೆದ. ಜೂಲಿಯನ್‌ಗೆ ಕ್ರೈಸ್ತ ಧರ್ಮ ಹಿಡಿಸುತ್ತಿರಲಿಲ್ಲ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟಿದ್ದ. ಆ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗಿದು ನಾಚಿಕೆ ಎಂದು ಬರೆದು, ಊರೂರಿಗೂ ಛತ್ರ ಕಟ್ಟಿಸಲು ಹೇಳಿದ. ವಿರೋಧಿಯ ಬಾಯಿಂದ ಬಂದ ಈ ಮಾತಿಗಿಂತ ಗಟ್ಟಿ ಪುರಾವೆ ಬೇಕಿಲ್ಲ.

ಅಲ್ಲಿಂದ ಹತ್ತು ವರ್ಷದೊಳಗೆ, ಈಗಿನ ಟರ್ಕಿಯಲ್ಲಿರುವ ಸಿಸೇರಿಯಾದಲ್ಲಿ ಬಿಷಪ್ ಬೆಸಿಲ್ ಊರಾಚೆ ಒಂದು ದೊಡ್ಡ ಆಸರೆ ಕಟ್ಟಿಸತೊಡಗಿದ. ಬಡವರಿಗೆ, ದಾರಿಹೋಕರಿಗೆ, ರೋಗಿಗಳಿಗೆ ಅಲ್ಲಿ ಜಾಗವಿತ್ತು. ಕುಷ್ಠರೋಗಿಗಳಿಗೂ ಇತ್ತು. ವೈದ್ಯರಿದ್ದರು. ಅವನ ಗೆಳೆಯ ಗ್ರೆಗೊರಿ ಅದನ್ನು ಹೊಸ ನಗರ ಎಂದೇ ಕರೆದ. ಬೆಸಿಲ್ ದೊಡ್ಡ ಮನೆತನದವನು. ಆದರೂ ಕುಷ್ಠರೋಗಿಗಳನ್ನು ಮುತ್ತಿಟ್ಟು ಬರಮಾಡಿಕೊಳ್ಳುತ್ತಿದ್ದ ಎಂದೂ ಗ್ರೆಗೊರಿ ನೆನೆದಿದ್ದಾನೆ. ಚರಿತ್ರೆಯ ಪುಸ್ತಕಗಳು ಬೆಸಿಲ್‌ನ ಹೆಸರಿಗೇ ನಿಂತುಬಿಡುತ್ತವೆ. ಅವನ ಅಕ್ಕ ಮ್ಯಾಕ್ರಿನಾ ಬರಗಾಲದಲ್ಲಿ ದಾರಿ ಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿ ತಂದು ಸಾಕಿದಳು. ರೋಮ್‌ನಲ್ಲಿ ಫಾಬಿಯೋಲಾ ಎಂಬ ಶ್ರೀಮಂತ ಹೆಂಗಸು ಆಸ್ತಿ ಮಾರಿ ಆಸ್ಪತ್ರೆ ತೆರೆದಳು. ಕೀವು ತುಂಬಿದ ಗಾಯಗಳನ್ನು ತನ್ನ ಕೈಯಿಂದಲೇ ತೊಳೆದಳು. ಈ ಚರಿತ್ರೆಯಲ್ಲಿ ಹೆಚ್ಚಿನ ಕೆಲಸ ಹೆಂಗಸರದ್ದೇ, ಹೆಸರು ಮಾತ್ರ ಕಡಿಮೆ.

ಮುಂದಿನ ಶತಮಾನಗಳಲ್ಲಿ ಈ ಕೆಲಸ ಮಠಗಳ ಒಳಗೆ ಸೇರಿತು. ಆರನೇ ಶತಮಾನದ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಬರೆದ ನಿಯಮದಲ್ಲಿ, ರೋಗಿಯನ್ನೂ ಬಂದ ಅತಿಥಿಯನ್ನೂ ಕ್ರಿಸ್ತನೆಂದೇ ನೋಡಿಕೊಳ್ಳಿ ಎಂದಿದೆ. ಇಂಗ್ಲಿಷಿನ ‘ಹಾಸ್ಪಿಟಲ್’ ಪದದ ಬೇರೂ ಅತಿಥಿ ಎಂಬ ಅರ್ಥದ ಲ್ಯಾಟಿನ್ ಪದವೇ. ಆದರೆ ಮಧ್ಯಯುಗದಲ್ಲಿ ಒಂದು ಕೋನ ಬದಲಾಯಿತು. ಬಡವರಿಗೆ ಕೊಟ್ಟರೆ ಪಾಪ ತೊಳೆಯುತ್ತದೆ ಎಂಬ ನಂಬಿಕೆ ಬಲವಾಯಿತು. ಬಡವನು ಶ್ರೀಮಂತನ ಸ್ವರ್ಗದ ಏಣಿಯಾದ. ಊಟ ಸಿಕ್ಕಿತು ನಿಜ. ಆದರೆ ಕೊಡುವವನ ಕಣ್ಣು ಇದ್ದದ್ದು ಬಡವನ ಮುಖದ ಮೇಲಲ್ಲ.

ಇಟಲಿಯ ಸಂತ, ಅಸ್ಸೀಸಿಯ ಫ್ರಾನ್ಸಿಸ್ ಮುಖ್ಯವಾಗುವುದು ಇಲ್ಲಿ. ಅವನಿಗೂ ಕುಷ್ಠರೋಗಿಗಳನ್ನು ಕಂಡರೆ ತಡೆಯಲಾರದ ಅಸಹ್ಯವಿತ್ತು. 1226ರಲ್ಲಿ, ಸಾಯುವ ಮುಂಚೆ ಬರೆಸಿದ ಮಾತುಗಳಲ್ಲಿ ಅದನ್ನು ತಾನೇ ಒಪ್ಪಿಕೊಂಡಿದ್ದಾನೆ. ಅವರ ನಡುವೆ ಹೋಗಿ ಬದುಕಿದ ಮೇಲೆ, ಕಹಿಯಾಗಿದ್ದದ್ದೇ ಸಿಹಿಯಾಯಿತು ಎನ್ನುತ್ತಾನೆ. ಕೆಲವೊಮ್ಮೆ ಕೈ ಮೊದಲು ಹೋಗುತ್ತದೆ, ಕರುಳು ಆಮೇಲೆ ಹಿಂಬಾಲಿಸುತ್ತದೆ.

ಧರ್ಮಸುಧಾರಣೆಯ ಕಾಲದಲ್ಲಿ, ಅಂದರೆ ಯುರೋಪಿನ ಸಭೆ ಒಡೆದು ಪ್ರೊಟೆಸ್ಟಂಟ್ ಪಂಥ ಹುಟ್ಟಿದಾಗ, ಲೂಥರ್‌ನ ಕಡೆಯವರು ಪುಣ್ಯ ಸಂಪಾದನೆಯ ಲೆಕ್ಕವನ್ನೇ ಹರಿದುಹಾಕಿದರು. ರಕ್ಷಣೆ ಉಚಿತವಾಗಿ ಸಿಕ್ಕಿದೆ, ಇನ್ನು ನೆರೆಯವನಿಗೆ ಮಾಡುವುದು ನೆರೆಯವನಿಗಾಗಿಯೇ ಎಂದರು. 1523ರಲ್ಲಿ ಜರ್ಮನಿಯ ಲೈಸ್ನಿಗ್ ಎಂಬ ಪಟ್ಟಣದಲ್ಲಿ ಊರಿಗೆಲ್ಲ ಒಂದೇ ಸಾಮಾನ್ಯ ಪೆಟ್ಟಿಗೆ ಇಟ್ಟು, ಬಡವರ ಖರ್ಚನ್ನು ಅದರಿಂದ ನಡೆಸುವ ಏರ್ಪಾಡು ಬಂತು. ಒಳ್ಳೆಯ ಯೋಚನೆ. ಆದರೆ ಇಂಥ ಏರ್ಪಾಡುಗಳ ಜೊತೆಗೇ ಯುರೋಪಿನುದ್ದಕ್ಕೂ ಒಂದು ಜರಡಿ ಬಂತು. ಯಾರು ಸಹಾಯಕ್ಕೆ ಯೋಗ್ಯ ಬಡವರು, ಯಾರು ಅಲ್ಲ ಎಂದು ಸೋಸುವ ಜರಡಿ. ಗಾಯಗೊಂಡವನ ನಡತೆ ಹೇಗಿತ್ತು ಎಂದು ಸಮಾರ್ಯದವನು ವಿಚಾರಿಸಿರಲಿಲ್ಲ.

1633ರಲ್ಲಿ ಪ್ಯಾರಿಸಿನಲ್ಲಿ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಯಾಕ್ ಸೇರಿ ಒಂದು ಹೊಸ ಬಗೆಯ ಬಳಗ ಕಟ್ಟಿದರು. ಅದುವರೆಗೆ ಸನ್ಯಾಸಿನಿಯರು ಮಠದ ಗೋಡೆಯೊಳಗೇ ಇರಬೇಕಿತ್ತು. ಈ ಹೆಣ್ಣುಮಕ್ಕಳಿಗೆ ಊರಿನ ಬೀದಿಯೇ ಮಠ. ಹಲವರು ಹಳ್ಳಿಯ ಬಡ ಮನೆಗಳಿಂದ ಬಂದವರು. ರೋಗಿಗಳ ಮನೆಗೇ ಹೋಗಿ ಗಂಜಿ ಕುಡಿಸುತ್ತಿದ್ದರು. ಅದೇ ದಾರಿ ಇನ್ನೊಂದು ಕವಲಿನಲ್ಲಿ 1836ರ ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿಗೆ ಬರುತ್ತದೆ. ಅಲ್ಲಿ ಪಾಸ್ಟರ್ ಫ್ಲೀಡ್ನರ್ ದಂಪತಿ ಹೆಣ್ಣುಮಕ್ಕಳಿಗೆ ಆರೈಕೆಯ ತರಬೇತಿ ಶುರು ಮಾಡಿದರು. 1851ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕಲಿತದ್ದು ಅಲ್ಲೇ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಸುವಾರ್ತೆ ಸಾರಲೆಂದೇ ಹುಟ್ಟಿದ ಆಂಗ್ಲಿಕನ್ ಸಂಘವೊಂದು ಹದಿನೆಂಟನೇ ಶತಮಾನದಲ್ಲಿ ಬಾರ್ಬಡೋಸ್‌ನಲ್ಲಿ ಕಬ್ಬಿನ ತೋಟ ನಡೆಸಿತು. ದುಡಿದವರು ಆಫ್ರಿಕಾದ ಗುಲಾಮರು. ಅದೇ ಬೈಬಲ್ ಓದುತ್ತಿದ್ದ ಕ್ವೇಕರ್ ಪಂಥದವರು 1688ರಲ್ಲೇ ಪೆನ್ಸಿಲ್ವೇನಿಯಾದಲ್ಲಿ ಗುಲಾಮಗಿರಿ ತಪ್ಪು ಎಂದು ಬರೆದು ಸಹಿ ಹಾಕಿದ್ದರು. ಕೆನಡಾದಲ್ಲಿ ಸಭೆಗಳು ನಡೆಸಿದ ವಸತಿ ಶಾಲೆಗಳು ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ಕಿತ್ತುಕೊಂಡವು. ಐರ್ಲೆಂಡಿನಲ್ಲಿ ಧಾರ್ಮಿಕ ಸಂಘಗಳ ಕೈಯಲ್ಲಿದ್ದ ಮಕ್ಕಳ ಶಾಲೆಗಳಲ್ಲಿ ದಶಕಗಳ ಕಾಲ ನಡೆದ ಕ್ರೌರ್ಯವನ್ನು 2009ರ ವಿಚಾರಣಾ ವರದಿ ಬಯಲಿಗಿಟ್ಟಿತು. ಆರೈಕೆಯ ಹೆಸರಿನಲ್ಲೇ ಇದೆಲ್ಲ ನಡೆಯಿತು. ಆ ಮಕ್ಕಳು ದೂರಿದಾಗ ಯಾರೂ ಕಿವಿಗೊಡಲಿಲ್ಲ. ಯೆರೂಸಲೇಮಿನ ವಿಧವೆಯರ ದೂರು ಕೇಳಿದ ಸಭೆಯ ಮಕ್ಕಳೇ ಹೀಗೆ ಮಾಡಿದರು ಎಂಬುದು ನನ್ನನ್ನು ತುಂಬಾ ನೋಯಿಸುತ್ತದೆ. ಊಟವನ್ನೋ ಔಷಧವನ್ನೋ ಮುಂದೆ ಹಿಡಿದು ನಂಬಿಕೆ ಬದಲಿಸಲು ಕೇಳುವುದೂ ಇದೇ ಸಾಲಿಗೆ ಸೇರುತ್ತದೆ. ಹಾಗೆ ಕೇಳಿದ ಕ್ಷಣ ಎದುರಿಗಿದ್ದವನು ನೆರೆಯವನಾಗಿ ಉಳಿಯುವುದಿಲ್ಲ.

ಇನ್ನೊಂದು ಬಗೆಯೂ ಇದೆ. ಅದಕ್ಕೆ ಸಾಕ್ಷಿ 1948ರ ಲಂಡನ್. ಸಿಸಿಲಿ ಸಾಂಡರ್ಸ್ ಆಗ ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಸಮಾಜಕಾರ್ಯಕರ್ತೆ. ಅದಕ್ಕೂ ಮುಂಚೆ ನರ್ಸ್ ಆಗಿದ್ದವರು, ಗಟ್ಟಿ ಕ್ರೈಸ್ತ ನಂಬಿಕೆಯವರು. ಅವರು ನೋಡಿಕೊಳ್ಳುತ್ತಿದ್ದ ಒಬ್ಬ ರೋಗಿ ಡೇವಿಡ್ ಟಾಸ್ಮಾ. ಪೋಲೆಂಡಿನಿಂದ ಬಂದ ಯೆಹೂದ್ಯ, ವಯಸ್ಸು ಸುಮಾರು ನಲವತ್ತು, ಕ್ಯಾನ್ಸರ್, ಹತ್ತಿರದವರು ಯಾರೂ ಇಲ್ಲ. ಸಿಸಿಲಿ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. ಸಾಯುವವರು ನೋವಿಲ್ಲದೆ, ಒಂಟಿಯಾಗದೆ ಇರಲು ಒಂದು ಮನೆ ಬೇಕು ಎಂಬ ಮಾತು ಆ ಹಾಸಿಗೆಯ ಪಕ್ಕದಲ್ಲೇ ಹುಟ್ಟಿತು. ಸಾಯುವಾಗ ಡೇವಿಡ್ ಸಿಸಿಲಿಗೆ 500 ಪೌಂಡ್ ಬಿಟ್ಟು ಹೋದರು. ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದಿದ್ದರು.

ಸಿಸಿಲಿ ಮತ್ತೆ ಓದಲು ಕೂತರು. 1957ರಲ್ಲಿ ಡಾಕ್ಟರ್ ಆದರು. ಕ್ಯಾನ್ಸರ್ ರೋಗಿ ನೋವು ಎಂದು ಕೂಗುವವರೆಗೆ ಕಾಯದೆ, ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಅಭ್ಯಾಸ ಮಾಡಿ ಬರೆದರು. ದೇಹದ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ದೇವರ ಬಗೆಗಿನ ಪ್ರಶ್ನೆ, ಎಲ್ಲ ಸೇರಿದ್ದೇ ಪೂರ್ತಿ ನೋವು ಎಂದರು. ಸಾಯುವವರಿಗಾಗಿ ಅವರು ಕಟ್ಟಿದ ಆ ಮನೆ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಬಾಗಿಲು ತೆರೆದದ್ದು 1967ರಲ್ಲಿ. ಕ್ರೈಸ್ತ ನಂಬಿಕೆಯ ಮೇಲೆ ನಿಂತ ಸಂಸ್ಥೆ, ಯಾವ ನಂಬಿಕೆಯವರಿಗೂ, ನಂಬಿಕೆ ಇಲ್ಲದವರಿಗೂ ತೆರೆದ ಬಾಗಿಲು. ಡೇವಿಡ್ ಟಾಸ್ಮಾ ಹೆಸರಿನ ಕಿಟಕಿಯನ್ನು ಒಳಗೆ ಬರುವವರಿಗೆ ಕಾಣುವ ಹಾಗೆ ಇಡಲಾಯಿತು. ಆ ಕಿಟಕಿಯ ಸುತ್ತ ಮನೆ ಕಟ್ಟಲು ನನಗೆ 19 ವರ್ಷ ಬೇಕಾಯಿತು ಎಂದು ಸಿಸಿಲಿ ಹೇಳುತ್ತಿದ್ದರು.