ಸ್ಮಾರ್ಟ್ ದ್ರವ: ತೂಕ ಮಾಯವಾದಾಗ

ಅಯಸ್ಕಾಂತ ಹತ್ತಿರ ಬಂದರೆ ಗಟ್ಟಿ, ದೂರ ಹೋದರೆ ಮತ್ತೆ ತೆಳು. ಇಂಥದ್ದೇ ಸ್ಮಾರ್ಟ್ ದ್ರವ. ವಿದ್ಯುತ್ತಿಗೆ ಗಟ್ಟಿಯಾಗುವ ಜಾತಿಯೂ ಇದೆ, ಅದು ಇಲ್ಲಿ ಬೇಡ.

ನುಣ್ಣನೆಯ ಕಬ್ಬಿಣದ ಪುಡಿಯನ್ನು ಅಡುಗೆ ಎಣ್ಣೆಯಲ್ಲಿ ಕಲಸಿ, ಗಾಜಿನ ಲೋಟಕ್ಕೆ ಹಾಕಿ. ಹೊರಗಿನಿಂದ ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಐಸ್‌ಕ್ರೀಂ ಕಡ್ಡಿಯಲ್ಲಿ ಕದಡಿ ನೋಡಿ. ಮಂಡ್ಯದ ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದ ಹಾಗೆ, ಕಡ್ಡಿ ಎಳೆಯೋಕೆ ಬಲ ಬೇಕಾಗುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಸರಪಳಿ ಕಟ್ಟಿ, ಎಣ್ಣೆ ಹರಿಯದ ಹಾಗೆ ತಡೆಯುತ್ತವೆ. ಕೆಲವು ಕಾರುಗಳ ಶಾಕ್ ಅಬ್ಸಾರ್ಬರ್ ನಡೆಯುವುದೂ ಇದೇ ಉಪಾಯದಿಂದ.

ಈಗ ಲೋಟವನ್ನು ಸುಮ್ನೆ ಬಿಡಿ. ಪುಡಿ ತಳ ಸೇರುತ್ತದೆ. ಕಬ್ಬಿಣ ಎಣ್ಣೆಗಿಂತ ಎಂಟು ಪಟ್ಟು ಭಾರ ಅಲ್ವಾ? ಹಾಗಾಗಿ ಸರಪಳಿಗಳು ಬಹಳ ಹೊತ್ತಿನ ಮೇಲೆ ಏನಾಗುತ್ತವೆ ಅಂತ ಭೂಮಿಯಲ್ಲಿ ಸರಿಯಾಗಿ ನೋಡೋಕೆ ಆಗುವುದಿಲ್ಲ. ಅದಕ್ಕೇ 2003ರಿಂದ ಬಾಹ್ಯಾಕಾಶ ನಿಲ್ದಾಣದಲ್ಲಿ ಇನ್‌ಸ್ಪೇಸ್ ಎಂಬ ಪ್ರಯೋಗ ಸರಣಿ ನಡೆಯಿತು. ಅಲ್ಲಿ ಗುರುತ್ವ ಇಲ್ಲ ಅಂದುಕೊಳ್ಳಬೇಡಿ. 400 ಕಿಲೋಮೀಟರ್ ಎತ್ತರದಲ್ಲೂ ನೆಲದ ಗುರುತ್ವದ ಸುಮಾರು ಶೇ. 90ರಷ್ಟು ಇರುತ್ತದೆ. ನಿಲ್ದಾಣ ಸದಾ ಬೀಳುತ್ತಲೇ ಇರುವುದರಿಂದ ಒಳಗಿದ್ದವರಿಗೆ ತೂಕ ಗೊತ್ತಾಗುವುದಿಲ್ಲ, ಅಷ್ಟೆ.

ಬೀಳುವುದಾದರೆ ಇಲ್ಲೂ ಬೀಳಬಹುದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನಾಸಾದ ಗೋಪುರವೊಂದಿದೆ. ಅದರಲ್ಲಿ ಪೆಟ್ಟಿಗೆ 24 ಮೀಟರ್ ಬಿದ್ದರೆ 2.2 ಸೆಕೆಂಡು ತೂಕವಿಲ್ಲ. ವಿದ್ಯಾರ್ಥಿ ತಂಡಗಳೂ ಅಲ್ಲಿ ಪ್ರಯೋಗ ಮಾಡಿವೆ. ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಗೋಪುರ 175 ಅಡಿ. ಲೆಕ್ಕ ಹಾಕಿದರೆ ಅಷ್ಟು ಎತ್ತರಕ್ಕೂ ಸಿಗುವುದು 3.3 ಸೆಕೆಂಡು ಮಾತ್ರ! (ಲೆಕ್ಕ ಮಾತ್ರ ಹಾಕಿ, ಹತ್ತಬೇಡಿ.)

ಇಷ್ಟು ಕಡಿಮೆ ಹೊತ್ತಿಗೆ ಕಬ್ಬಿಣದ ಪುಡಿಗಿಂತ ಫೆರೋಫ್ಲೂಯಿಡ್ (ಅಯಸ್ಕಾಂತ ಎಳೆಯುವ ಇನ್ನೊಂದು ದ್ರವ) ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅದರ ಕಣಗಳು ಸುಮಾರು 10 ನ್ಯಾನೋಮೀಟರ್, ತಳ ಸೇರುವುದಿಲ್ಲ. 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಇದನ್ನು ತಯಾರಿಸಿದ್ದೇ ತೂಕವಿಲ್ಲದ ಕಡೆ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಳೆಯೋಕೆ. ಅಯಸ್ಕಾಂತ ಹಿಡಿದರೆ ಅದರ ಮೈಮೇಲೆ ಮುಳ್ಳುಗಳೇಳುತ್ತವೆ. ಅಯಸ್ಕಾಂತ ಮೇಲೆಳೆದರೆ ತೂಕವೂ ಮೇಲ್ಮೈ ಬಿಗಿತವೂ ಕೆಳಗೆಳೆಯುತ್ತವೆ. ಬೀಳುವಾಗ ತೂಕ ಆಟದಿಂದ ಹೊರಗೆ. ಮುಳ್ಳಿನ ಆಕಾರ ಕಣ್ಣೆದುರೇ ಬದಲಾಗುತ್ತದೆ.

ಕಾಲೇಜಿನ ಎರಡನೇ ಮಹಡಿಯಿಂದ ಐದು ಮೀಟರ್ ಸಿಕ್ಕರೆ ಒಂದು ಸೆಕೆಂಡು. ಬಿಗಿ ಮುಚ್ಚಿದ ಬಾಟಲಿ, ಅಯಸ್ಕಾಂತ, ಸ್ಲೋ ಮೋಷನ್ ಹಾಕಿದ ಫೋನ್ ಮೂರೂ ಒಂದೇ ಡಬ್ಬದಲ್ಲಿ ಬೀಳಬೇಕು. ಕೆಳಗೆ ದಪ್ಪ ಸ್ಪಂಜು ಹಾಸಿ. ಫೋನ್ ಅಪ್ಪಂದಾದರೆ ಇನ್ನೂ ಸ್ವಲ್ಪ ಜಾಸ್ತಿ.