ಮಿಡಿ ಕೆಲಸಕ್ಕೆ ಸುಲಭವಾದ ಸಾಫ್ಟ್‌ವೇರ್ ಯಾವುದು?

ಓದುಗರ ಪ್ರಶ್ನೆ: ನಾನು ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಮನೆಯಲ್ಲಿ ಯುಎಸ್‌ಬಿ ಪೋರ್ಟ್ ಇರುವ ಒಂದು ಕೀಬೋರ್ಡ್ ಮತ್ತು ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್ ಇವೆ. ಹಾಡುಗಳಿಗೆ ಹಿನ್ನೆಲೆ ಟ್ರ್ಯಾಕ್‌ಗಳನ್ನು ನಾನೇ ಸಿದ್ಧಪಡಿಸಬೇಕೆಂದಿದ್ದೇನೆ. ಮಿಡಿ ಕೆಲಸಕ್ಕೆ ಕಲಿಯಲು ಸುಲಭವಾದ ಸಾಫ್ಟ್‌ವೇರ್ ಯಾವುದು? ಉಚಿತವಾದದ್ದು ಸಾಕೇ, ಹಣ ಕೊಡಲೇಬೇಕೇ?

ಉತ್ತರ: ಒಂದೇ ಹೆಸರು ಹೇಳಿಬಿಡಿ ಎಂದರೆ ನಿಮ್ಮ ಅಗತ್ಯಕ್ಕೆ ನಾನು ಸೂಚಿಸುವುದು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್, ಮನೆಯಲ್ಲಿ ಮ್ಯಾಕ್ ಇದ್ದಿದ್ದರೆ ಎರಡನೆಯ ಮಾತಿಲ್ಲದೆ ಗ್ಯಾರೇಜ್‌ಬ್ಯಾಂಡ್ ಎನ್ನುತ್ತಿದ್ದೆ. ಆದರೆ ಜಾಹೀರಾತಿನಲ್ಲಿ ಸುಲಭವಾಗಿ ಕಾಣುವ ಸಾಫ್ಟ್‌ವೇರ್ ಕೆಲಸಕ್ಕೆ ಕುಳಿತಾಗಲೂ ಸುಲಭವಾಗಿಯೇ ಇರುತ್ತದೆ ಎನ್ನುವಂತಿಲ್ಲ. ನುಡಿಸಿದ್ದನ್ನು ದಾಖಲಿಸಿಕೊಳ್ಳುವ ಕ್ರಮ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ: ಹೊಸ ಟ್ರ್ಯಾಕ್ ತೆರೆದು, ಕೀಬೋರ್ಡನ್ನು ಇನ್‌ಪುಟ್ ಆಗಿ ಆರಿಸಿ, ಕೆಂಪು ಗುಂಡಿಯನ್ನು ಒತ್ತಿದರೆ ಆಯಿತು. ವ್ಯತ್ಯಾಸ ತಿಳಿಯುವುದು ನುಡಿಸಿ ಮುಗಿದ ಮೇಲೆ, ಮೂರನೆಯ ಆವರ್ತನದಲ್ಲಿ ಎಡವಿದ ಒಂದು ಸ್ವರವನ್ನು ಸರಿಪಡಿಸಲು ಹೊರಟಾಗ. ಆ ಸ್ವರ ಪರದೆಯ ಮೇಲೆ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ, ಅದನ್ನು ಹಿಡಿದು ಮೇಲಕ್ಕೋ ಕೆಳಕ್ಕೋ ಸರಿಸಲು, ಅದರ ಉದ್ದವನ್ನು ಮೊಟಕುಗೊಳಿಸಲು, ಬಲವನ್ನು ತಗ್ಗಿಸಲು ಎಷ್ಟು ಕ್ಲಿಕ್ ಬೇಕಾಗುತ್ತದೆ ಎಂಬುದರ ಮೇಲೆಯೇ ಸಾಫ್ಟ್‌ವೇರನ್ನು ಅಳೆಯಬೇಕು, ಏಕೆಂದರೆ ಟ್ರ್ಯಾಕ್ ಮಾಡುವವರ ಸಮಯದ ಬಹುಪಾಲು ಹೋಗುವುದು ತಿದ್ದುವುದರಲ್ಲಿಯೇ.

ಮಿಡಿ ಫೈಲಿನಲ್ಲಿ ಧ್ವನಿ ಇರುವುದಿಲ್ಲ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಂಡರೆ ಮುಂದಿನ ಎಷ್ಟೋ ಗೊಂದಲಗಳು ತಪ್ಪುತ್ತವೆ. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿಯ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದೆ ನಿಂತು ರೂಪಿಸಿದ, 1983ರಲ್ಲಿ ಪ್ರಕಟವಾದ ಮಿಡಿ ಎಂಬ ಈ ಸಂಪರ್ಕ ವ್ಯವಸ್ಥೆಯ ಉದ್ದೇಶ ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ವಾದ್ಯವನ್ನು ನುಡಿಸುವಂತಾಗಬೇಕು ಎಂಬುದಾಗಿತ್ತು. ಆದ್ದರಿಂದ ಅದರಲ್ಲಿ ಹರಿಯುವುದು ಆಜ್ಞೆಗಳು ಮಾತ್ರ: ಯಾವ ಕೀ ಒತ್ತಲಾಯಿತು, ಎಷ್ಟು ಬಲವಾಗಿ, ಯಾವಾಗ ಬಿಡಲಾಯಿತು. ಸ್ವರಗಳಿಗೂ ಬಲಕ್ಕೂ 0ಯಿಂದ 127ರವರೆಗಿನ ಸಂಖ್ಯೆಗಳಿವೆ, ಒಂದು ಸಂಪರ್ಕದಲ್ಲಿ ಬೇರೆ ಬೇರೆ ವಾದ್ಯಗಳ ಆಜ್ಞೆಗಳು ಬೆರೆಯದಂತೆ 16 ಚಾನೆಲ್‌ಗಳಿವೆ. ಆ ಆಜ್ಞೆಗಳನ್ನು ನಾದವಾಗಿಸುವುದು ನಿಮ್ಮ ಕೀಬೋರ್ಡ್ ಅಥವಾ ಲ್ಯಾಪ್‌ಟಾಪಿನಲ್ಲಿರುವ ಪ್ಲಗಿನ್, ಅಂದರೆ ಮುಖ್ಯ ಸಾಫ್ಟ್‌ವೇರಿನೊಳಗೆ ಸೇರಿಸಿಕೊಳ್ಳುವ ವಾದ್ಯದ ತಂತ್ರಾಂಶ. ನೀವು ಸೊಗಸಾಗಿ ಮಾಡಿದ ಟ್ರ್ಯಾಕನ್ನು ಮಿಡಿ ಫೈಲಾಗಿ ಗೆಳೆಯರಿಗೆ ಕಳಿಸಿದಾಗ ಅವರ ವಿಂಡೋಸ್‌ನಲ್ಲಿ ಅದು ಆಟಿಕೆಯಂತೆ ಕೇಳಿಸುವುದಕ್ಕೆ ಕಾರಣ ಇದೇ. ಕೇಳಲು ಕೊಡುವುದಾದರೆ ಅದನ್ನು ಎಂಪಿ3 ಅಥವಾ ವೇವ್ ಆಗಿ ರೆಂಡರ್ ಮಾಡಿಯೇ ಕಳಿಸಬೇಕು.

ನಮ್ಮವರಿಗೆ ಇಲ್ಲಿ ಇನ್ನೊಂದು ತೊಡಕಿದೆ. 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಪಟ್ಟಿಯು 128 ವಾದ್ಯಗಳಿಗೆ ಕ್ರಮಸಂಖ್ಯೆ ಕೊಟ್ಟಿತು. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ತಬಲಾ, ಮೃದಂಗ, ವೀಣೆ ಮಾತ್ರ ಇಲ್ಲ. ಯಮಹಾದ ಪಿಎಸ್‌ಆರ್-ಐ ಸರಣಿಯಂಥ, ಭಾರತಕ್ಕೆಂದೇ ತಯಾರಾದ ಕೀಬೋರ್ಡ್‌ಗಳಲ್ಲಿರುವ ತಬಲಾ ಧ್ವನಿ ಆ ಕೀಬೋರ್ಡಿನೊಳಗಿನದು, ಮಿಡಿ ತಂತಿಯ ಮೂಲಕ ಅದು ಲ್ಯಾಪ್‌ಟಾಪಿಗೆ ಹರಿದು ಬರುವುದಿಲ್ಲ. ಅದೇ ಧ್ವನಿ ಬೇಕೆಂದರೆ ತಬಲಾ ಟ್ರ್ಯಾಕಿನ ಔಟ್‌ಪುಟ್ ಅನ್ನು ಮರಳಿ ಕೀಬೋರ್ಡಿಗೆ ಕಳಿಸಿ, ಕೀಬೋರ್ಡಿನಿಂದ ಹೊರಬರುವ ನಾದವನ್ನು ಆಡಿಯೊ ಆಗಿ ರೆಕಾರ್ಡ್ ಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ನೀವು ಆರಿಸುವ ಸಾಫ್ಟ್‌ವೇರ್ ಮಿಡಿಯನ್ನೂ ಆಡಿಯೊವನ್ನೂ ಒಂದೇ ಕಡೆ ನಿಭಾಯಿಸುವಂಥದ್ದಾಗಿರಬೇಕು. ಹೇಗೂ ಮಕ್ಕಳ ಹಾಡನ್ನು ಒಂದು ದಿನ ಅದರ ಮೇಲೆಯೇ ರೆಕಾರ್ಡ್ ಮಾಡುವ ಆಸೆ ಬಂದೇ ಬರುತ್ತದೆ.

ಇನ್ನು ಸಾಫ್ಟ್‌ವೇರ್‌ಗಳ ವಿಷಯ. ಸ್ವರವನ್ನು ಪರದೆಯ ಮೇಲೆ ಹೇಗೆ ತೋರಿಸುತ್ತವೆ ಎಂಬುದರ ಮೇಲೆ ಇವು ಬೇರೆಬೇರೆ ಜಾತಿಯವಾಗುತ್ತವೆ, ನಿಮ್ಮ ಮನಸ್ಸು ಯಾವ ಜಾತಿಗೆ ಒಗ್ಗುತ್ತದೆಯೋ ಅದೇ ನಿಮಗೆ ಸುಲಭ. ಪಾಶ್ಚಾತ್ಯ ಸ್ವರಲಿಪಿಯನ್ನು ಓದಿ ಬರೆದು ಅಭ್ಯಾಸವಿರುವವರಿಗೆ, ಉದಾಹರಣೆಗೆ ಚರ್ಚಿನ ಗಾಯಕವೃಂದಕ್ಕೆ ನಾಲ್ಕು ಧ್ವನಿಗಳಲ್ಲಿ ಸಂಯೋಜಿಸುವವರಿಗೆ, ಮ್ಯೂಸ್‌ಸ್ಕೋರ್ ಸಾಕು. ಅದು ಸಂಪೂರ್ಣ ಉಚಿತ ಮತ್ತು ಮುಕ್ತ ತಂತ್ರಾಂಶ. ಆದರೆ ಲಯಕ್ಕೆ ತುಸು ಸಡಿಲವಾಗಿ ನುಡಿಸಿದ ಮಿಡಿಯನ್ನು ಅದರೊಳಗೆ ತಂದರೆ ಪುಟದ ತುಂಬ ಓದಲಾಗದ ಚಿಕ್ಕಚಿಕ್ಕ ಸ್ವರಗಳೂ ವಿರಾಮಗಳೂ ಕಾಣಿಸುತ್ತವೆ, ಏಕೆಂದರೆ ಅದು ಬರೆಯಲು ಮಾಡಿದ್ದೇ ಹೊರತು ನುಡಿಸಲು ಮಾಡಿದ್ದಲ್ಲ. ಎರಡನೆಯದು ಪಿಯಾನೊ ರೋಲ್: ಎಡಬದಿಯಲ್ಲಿ ನಿಲ್ಲಿಸಿದ ಕೀಬೋರ್ಡ್, ಬಲಕ್ಕೆ ಕಾಲ, ನಡುವೆ ಪ್ರತಿ ಸ್ವರಕ್ಕೂ ಒಂದು ಪಟ್ಟಿ. ಹಾರ್ಮೋನಿಯಂ ಅಥವಾ ಕೀಬೋರ್ಡ್ ನುಡಿಸುವ ಯಾರಿಗಾದರೂ ಇದು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ನಿಮ್ಮ ಹುಡುಕಾಟ ಇದರ ಸುತ್ತಲೇ ಇರಲಿ.

ಪಿಯಾನೊ ರೋಲ್ ಚೆನ್ನಾಗಿರುವುದು ಯಾವುದರಲ್ಲಿ ಎಂದು ಕೇಳಿದರೆ ಹೆಚ್ಚಿನವರು ಬೆಲ್ಜಿಯಂನ ಇಮೇಜ್-ಲೈನ್ ಕಂಪನಿಯ ಎಫ್‌ಎಲ್ ಸ್ಟುಡಿಯೊ ಹೆಸರು ಹೇಳುತ್ತಾರೆ, ಆ ಮಾತು ನ್ಯಾಯವಾದದ್ದೇ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ ಎಂಬುದು ಅದರ ದೊಡ್ಡ ಅನುಕೂಲ. ಆದರೂ ನಿಮಗೆ ಅದನ್ನು ಮೊದಲ ಆಯ್ಕೆಯಾಗಿ ಹೇಳಲು ಹಿಂಜರಿಯುತ್ತೇನೆ. ಅದರ ಉಚಿತ ಆವೃತ್ತಿಯಲ್ಲಿ ಕೆಲಸವನ್ನು ಸೇವ್ ಮಾಡಬಹುದು, ಆದರೆ ಹಣ ಕೊಟ್ಟು ನೋಂದಾಯಿಸುವವರೆಗೂ ಆ ಫೈಲನ್ನು ಮತ್ತೆ ತೆರೆಯಲಾಗದು. ಇದು ತಿಳಿಯದೆ ಪೇಚಿಗೆ ಸಿಲುಕುವ ಹೊಸಬರು ಬಹಳ. ಜೊತೆಗೆ, ಅಗ್ಗದ ಫ್ರೂಟಿ ಎಡಿಷನ್‌ನಲ್ಲಿ ಹಾಡನ್ನು ಮೈಕ್‌ನಿಂದ ರೆಕಾರ್ಡ್ ಮಾಡಿ ಜೋಡಿಸುವ ಸೌಲಭ್ಯವಿಲ್ಲ, ಅದಕ್ಕೆ ಮೇಲಿನ ಪ್ರೊಡ್ಯೂಸರ್ ಎಡಿಷನ್ ಬೇಕು. ಇದಲ್ಲದೆ ಚಿಕ್ಕಚಿಕ್ಕ ಪ್ಯಾಟರ್ನ್‌ಗಳನ್ನು ಮಾಡಿ ಜೋಡಿಸುವ ಅದರ ಕ್ರಮ ನೃತ್ಯಸಂಗೀತಕ್ಕೆ ಹೇಳಿ ಮಾಡಿಸಿದ್ದು. ಪಲ್ಲವಿಯಿಂದ ಕೊನೆಯ ಚರಣದವರೆಗೆ ಒಂದೇ ಓಟದಲ್ಲಿ ನುಡಿಸುವವರಿಗೆ ಅದು ಸ್ವಲ್ಪ ಅಡ್ಡಗಾಲು.

ರೀಪರ್ ನೋಡಲು ಬೋಳಾಗಿದೆ, ನಿಜ. ಅದರ ಜೊತೆಗೆ ಹೇಳಿಕೊಳ್ಳುವಂಥ ವಾದ್ಯಧ್ವನಿಗಳೂ ಬರುವುದಿಲ್ಲ. ಆದರೆ ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ, ಯಾವ ಸೌಲಭ್ಯವನ್ನೂ ಮುಚ್ಚಿಡದೆ 60 ದಿನ ಉಚಿತವಾಗಿ ಬಳಸಲು ಬಿಡುತ್ತದೆ, ಬಳಿಕ ವೈಯಕ್ತಿಕ ಬಳಕೆಯ ಪರವಾನಗಿಗೆ ಕೇಳುವುದು 60 ಡಾಲರ್. ಪಿಯಾನೊ ರೋಲ್, ಸ್ವರಲಿಪಿ, ಆಜ್ಞೆಗಳ ಪಟ್ಟಿ, ಈ ಮೂರು ನೋಟಗಳನ್ನೂ ಒಂದೇ ಕಿಟಕಿಯಲ್ಲಿ ಬದಲಾಯಿಸಿಕೊಳ್ಳಬಹುದು, ಪಿಯಾನೊ ರೋಲಿನ ಸಾಲುಗಳಿಗೆ ನಿಮ್ಮದೇ ಹೆಸರು ಕೊಡಬಹುದಾದ್ದರಿಂದ ಸ, ರಿ, ಗ ಎಂದೇ ಗುರುತಿಸಿಕೊಳ್ಳಲೂ ಅಡ್ಡಿಯಿಲ್ಲ. ಇದು ಸಣ್ಣ ಮಾತಲ್ಲ. 60ನೆಯ ಸಂಖ್ಯೆಯ ಅದೇ ಮಧ್ಯದ ‘ಸಿ’ ಸ್ವರವನ್ನು ಯಮಹಾ ಕೀಬೋರ್ಡ್ ಸಿ3 ಎಂದರೆ ರೋಲ್ಯಾಂಡ್ ಸಿ4 ಎನ್ನುತ್ತದೆ, ಎಫ್‌ಎಲ್ ಸ್ಟುಡಿಯೊ ಸಿ5 ಎನ್ನುತ್ತದೆ; ಒಂದು ಸ್ಥಾಯಿ ಏರುಪೇರಾಯಿತೆಂದು ಗಾಬರಿಯಾಗುವವರು ಈ ಹೆಸರುಗಳನ್ನು ಬಿಟ್ಟು ಸಂಖ್ಯೆಯನ್ನು ನೋಡುವುದು ಮೇಲು. ವಾದ್ಯಧ್ವನಿಗಳ ಕೊರತೆಯನ್ನು ಉಚಿತ ಪ್ಲಗಿನ್‌ಗಳಿಂದ ತುಂಬಿಕೊಳ್ಳಬೇಕು: ವಾದ್ಯಗಳ ಧ್ವನಿಮಾದರಿಗಳಿರುವ ಸೌಂಡ್‌ಫಾಂಟ್ ಫೈಲುಗಳನ್ನು ನುಡಿಸಲು ಪ್ಲೋಗ್ ಕಂಪನಿಯ ಸ್ಫೋರ್ಟ್ಸಾಂಡೊ, ಸಿಂಥ್ ಧ್ವನಿಗಳಿಗೆ ಸರ್ಜ್ ಎಕ್ಸ್‌ಟಿ. ಈ ಹೊಂದಿಸುವ ಕೆಲಸಕ್ಕೆ ಒಂದು ರಜಾದಿನ ಹೋಗುತ್ತದೆ. ಅಷ್ಟೂ ತಾಳ್ಮೆ ಇಲ್ಲವೆಂದರೆ ಟ್ರ್ಯಾಕ್ಷನ್ ಕಂಪನಿಯ ವೇವ್‌ಫಾರ್ಮ್ ಫ್ರೀ ನೋಡಬಹುದು. ಟ್ರ್ಯಾಕ್‌ಗಳ ಸಂಖ್ಯೆಗೆ ಮಿತಿಯಿಲ್ಲದ ಉಚಿತ ಸಾಫ್ಟ್‌ವೇರ್ ಅದು. ನಿಮ್ಮ ಕೀಬೋರ್ಡಿನ ಪೆಟ್ಟಿಗೆಯಲ್ಲಿ ಕ್ಯೂಬೇಸ್ ಅಥವಾ ಏಬಲ್‌ಟನ್ ಲೈವ್‌ನ ಚಿಕ್ಕ ಆವೃತ್ತಿಯ ಕೋಡ್ ಇದ್ದರೆ ಅದನ್ನೂ ಎಸೆಯಬೇಡಿ. ಆಡಾಸಿಟಿ ಈ ಪಟ್ಟಿಗೆ ಸೇರುವುದಿಲ್ಲ; ಹಾಡು ಕತ್ತರಿಸಲು ಅದು ಒಳ್ಳೆಯದು, ಮಿಡಿ ತಿದ್ದಲು ಅಲ್ಲ.

ಯಾವುದನ್ನೇ ಆರಿಸಿದರೂ ಮೊದಲ ದಿನ ಎದುರಾಗುವ ತೊಂದರೆ, ಕೀ ಒತ್ತಿದ ಮೇಲೆ ನಾದ ತಡವಾಗಿ ಬರುವುದು. ಇದಕ್ಕೆ ಸಾಫ್ಟ್‌ವೇರನ್ನು ದೂರಿ ಇನ್ನೊಂದಕ್ಕೆ ಹಾರುವವರು ಅಲ್ಲೂ ಅದೇ ಅನುಭವಿಸುತ್ತಾರೆ. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಹಾಕಿಕೊಂಡು ಕಳಿಸುವ ಮಾದರಿಗಳ ಸಂಖ್ಯೆ) 1,024 ಇದ್ದರೆ ಅದೊಂದೇ ಸುಮಾರು 23 ಮಿಲಿಸೆಕೆಂಡ್ ತಡಮಾಡುತ್ತದೆ, 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡಿಗೆ ಬರುತ್ತದೆ. ವಿಂಡೋಸ್‌ನ ಸಾಮಾನ್ಯ ಡ್ರೈವರ್ ಇಷ್ಟು ಕಡಿಮೆ ಬಫರ್‌ನಲ್ಲಿ ತಡವರಿಸುವುದರಿಂದ, ಧ್ವನಿಯನ್ನು ಕಡಿಮೆ ವಿಳಂಬದಲ್ಲಿ ಸಾಗಿಸುವ ಆಸಿಯೊ ಡ್ರೈವರ್ ಬಳಸಬೇಕು. ಪ್ರತ್ಯೇಕ ಆಡಿಯೊ ಇಂಟರ್‌ಫೇಸ್ ಇಲ್ಲದವರಿಗೆ ಆಸಿಯೊ4ಆಲ್ ಎಂಬ ಉಚಿತ ಡ್ರೈವರ್ ಇದೆ. ಒಂದೇ ಸ್ವರ ಎರಡೆರಡು ಬಾರಿ ಕೇಳಿಸಿದರೆ ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಲೋಕಲ್ ಕಂಟ್ರೋಲ್ ಎಂಬುದನ್ನು ಆಫ್ ಮಾಡಿ.

ನಮ್ಮ ಸಂಗೀತಕ್ಕೆ ಬಂದಾಗ ಆಯ್ಕೆಯ ಮಾನದಂಡಗಳು ಇನ್ನೂ ಸೂಕ್ಷ್ಮವಾಗುತ್ತವೆ, ಇಂಗ್ಲಿಷಿನ ಶಿಫಾರಸು ಪಟ್ಟಿಗಳು ಇವುಗಳ ಗೋಜಿಗೆ ಹೋಗುವುದಿಲ್ಲ. ತಾಳ ಮೊದಲನೆಯದು. ಎಲ್ಲ ಸಾಫ್ಟ್‌ವೇರ್‌ಗಳೂ 4/4ರಲ್ಲಿ ತೆರೆದುಕೊಳ್ಳುತ್ತವೆ. ಆದಿತಾಳಕ್ಕೆ ಎರಡು ಬಾರ್‌ಗಳನ್ನು ಸೇರಿಸಿಕೊಂಡರೆ ಅದು ನಡೆಯುತ್ತದೆ, ಮಿಶ್ರಛಾಪಿಗೆ ನಡೆಯದು. ಅಲ್ಲಿ ಮೊದಲೇ 7/8 ಎಂದೂ, ಖಂಡಛಾಪಿಗೆ 5/8 ಎಂದೂ ಬದಲಾಯಿಸಿಕೊಳ್ಳದಿದ್ದರೆ ಪರದೆಯ ಗೆರೆಗಳು ಒಂದು ಕಡೆ, ನಿಮ್ಮ ಸಮ ಇನ್ನೊಂದು ಕಡೆ ಬಿದ್ದು, ಒಂದು ಆವರ್ತನವನ್ನು ನಕಲಿಸಿ ಮುಂದೆ ಅಂಟಿಸುವ ಸರಳ ಕೆಲಸವೂ ಕಗ್ಗಂಟಾಗುತ್ತದೆ. ಸ್ವರಗಳನ್ನು ಗೆರೆಗೆ ಎಳೆದು ನಿಲ್ಲಿಸುವ ಕ್ವಾಂಟೈಜ್ ಸೌಲಭ್ಯವನ್ನು ನೂರಕ್ಕೆ ನೂರು ಬಳಸಬೇಡಿ. ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸಬಹುದೇ, ತಿಸ್ರ ನಡೆಗೆ ಬೇಕಾದ ಟ್ರಿಪ್ಲೆಟ್ ಗೆರೆಗಳು ಇವೆಯೇ ಎಂದು ನೋಡಿಕೊಳ್ಳಿ. ರೀಪರ್‌ನಲ್ಲಿ ಎರಡೂ ಇವೆ.

ಗಮಕ ಎರಡನೆಯದು ಮತ್ತು ಹೆಚ್ಚು ಕಠಿಣವಾದದ್ದು. ಮಿಡಿಯಲ್ಲಿ ಸ್ವರವನ್ನು ಬಾಗಿಸುವುದು ಪಿಚ್ ಬೆಂಡ್. ಅದರಲ್ಲಿ 16,384 ಹಂತಗಳಿರುವುದರಿಂದ ನುಣುಪಿಗೆ ಕೊರತೆಯಿಲ್ಲ, ಆದರೆ ಸಾಮಾನ್ಯವಾಗಿ ಅದರ ವ್ಯಾಪ್ತಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರ. ತೋಡಿಯ ಗಾಂಧಾರವನ್ನು ಶುದ್ಧ ರಿಷಭಕ್ಕೂ ಶುದ್ಧ ಮಧ್ಯಮಕ್ಕೂ ನಡುವೆ ತೂಗಿಸಲು ಇಷ್ಟು ಸರಿಯಾಗಿ ಸಾಲುತ್ತದೆ. ಷಡ್ಜದಿಂದ ಪಂಚಮಕ್ಕೆ ಜಾರುವುದಾದರೆ ಏಳು ಅರ್ಧಸ್ವರ ಬೇಕು, ವ್ಯಾಪ್ತಿಯನ್ನು 12ಕ್ಕೆ ಏರಿಸಬೇಕಾಗುತ್ತದೆ. ಹಾಗೆ ಏರಿಸುವಾಗ ಕೀಬೋರ್ಡಿನಲ್ಲೂ ಪ್ಲಗಿನ್‌ನಲ್ಲೂ ಒಂದೇ ಸಂಖ್ಯೆ ಇರಲಿ, ಇಲ್ಲದಿದ್ದರೆ ಸಣ್ಣ ಕಂಪನವೆಂದು ನುಡಿಸಿದ್ದು ಅರಚಾಟವಾಗಿ ಕೇಳಿಸುತ್ತದೆ. ಪಿಚ್ ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸುವುದರಿಂದ ರಾಗದ ಎಳೆಯನ್ನೂ ಕಾರ್ಡ್‌ಗಳನ್ನೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಒಂದೇ ಟ್ರ್ಯಾಕಿನಲ್ಲಿ ಇಟ್ಟರೆ ಎಲ್ಲವೂ ಒಟ್ಟಿಗೆ ಬಾಗುತ್ತವೆ. ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಟ್ಟು ಇದನ್ನು ಪರಿಹರಿಸುವ ಎಂಪಿಇ ಎಂಬ ವಿಸ್ತರಣೆ 2018ರಲ್ಲಿ ಅಂಗೀಕೃತವಾಗಿದೆ, ಆದರೆ ಅದಕ್ಕೆ ತಕ್ಕ ಕೀಬೋರ್ಡೂ ಬೇಕಾಗುವುದರಿಂದ ಸದ್ಯಕ್ಕೆ ಬೇರೆ ಬೇರೆ ಟ್ರ್ಯಾಕ್ ಮಾಡಿಕೊಳ್ಳುವುದೇ ಜಾಣತನ. ಎಫ್‌ಎಲ್ ಸ್ಟುಡಿಯೊದಲ್ಲಿ ಜಾರುವ ಸ್ವರಗಳನ್ನು ಎಳೆದು ಬರೆಯುವ ಸೊಗಸಾದ ಸಾಧನವಿದೆ, ಆದರೆ ಅದು ಕೆಲಸ ಮಾಡುವುದು ಅದರದೇ ವಾದ್ಯಗಳ ಮೇಲೆ ಮಾತ್ರ, ಹೊರಗಿನ ಪ್ಲಗಿನ್‌ಗಳ ಮೇಲೆ ಅಲ್ಲ. ತಂಬೂರಿಯ ಶ್ರುತಿಯ ಮೇಲೆ ಅಂತರ ಗಾಂಧಾರ ಸ್ವಲ್ಪ ಏರಿದಂತೆ ಕೇಳಿಸಿದರೆ ನಿಮ್ಮ ಕಿವಿ ಸರಿಯಾಗಿದೆ ಎಂದೇ ಅರ್ಥ: ಕೀಬೋರ್ಡಿನ ಸಮಭಾಗದ ಶ್ರುತಿಯಲ್ಲಿ ಅದು ಸುಮಾರು 14 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಭಾಗ ಒಂದು ಸೆಂಟ್) ಮೇಲಿರುತ್ತದೆ. ಬೇರೆ ಶ್ರುತಿಮೇಳಗಳ ಫೈಲುಗಳನ್ನು ತೆರೆಯಬಲ್ಲ ಸರ್ಜ್ ಎಕ್ಸ್‌ಟಿಯಂಥ ಪ್ಲಗಿನ್‌ನಲ್ಲಿ ಇದನ್ನು ಸರಿಪಡಿಸಬಹುದು.

ಹಣದ ಪ್ರಶ್ನೆಗೆ ಹೇಳುವುದಾದರೆ, ನಿಮ್ಮ ಕೆಲಸಕ್ಕೆ ವೇವ್‌ಫಾರ್ಮ್ ಫ್ರೀಯಂಥ ಉಚಿತವಾದದ್ದೂ ಸಾಕು, ರೀಪರ್ ಹಿಡಿದರೆ ಮಾತ್ರ 60 ದಿನಗಳ ಬಳಿಕ ಹಣ ಕೊಡಬೇಕು. ಆದರೆ ಉಚಿತವೆಂಬುದು ಯಾವಾಗಲೂ ಹಾಗೆಯೇ ಇರುತ್ತದೆಂದು ಎಣಿಸಬೇಡಿ. ವಿಂಡೋಸ್‌ನಲ್ಲಿ ದಶಕಗಳ ಹೆಸರಿದ್ದ ಕೇಕ್‌ವಾಕ್ ಅನ್ನು 2017ರಲ್ಲಿ ಅದರ ಒಡೆತನದ ಗಿಬ್ಸನ್ ಕಂಪನಿ ನಿಲ್ಲಿಸಿತು. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಪಡೆದು ಉಚಿತವಾಗಿ ಹಂಚಿತು. 2023ರಲ್ಲಿ ಅದರ ಬದಲಿಗೆ ಸೋನಾರ್ ಬರಲಿದೆ ಎಂದು ಘೋಷಿಸಿತು. ಒಂದು ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲನ್ನು ಇನ್ನೊಂದು ಸಾಮಾನ್ಯವಾಗಿ ತೆರೆಯುವುದಿಲ್ಲವಾದ್ದರಿಂದ, ಪ್ರತಿ ಹಾಡು ಮುಗಿದಾಗ ಅದನ್ನು ಮಿಡಿ ಫೈಲಾಗಿಯೂ, ಪ್ರತಿ ಟ್ರ್ಯಾಕನ್ನು ಬೇರೆ ಬೇರೆ ವೇವ್ ಫೈಲಾಗಿಯೂ ಎಕ್ಸ್‌ಪೋರ್ಟ್ ಮಾಡಿ ಒಂದು ಫೋಲ್ಡರಿನಲ್ಲಿಡಿ. ರೀಪರ್‌ನಲ್ಲಿ ಎರಡಕ್ಕೂ ಫೈಲ್ ಮೆನುವಿನಲ್ಲೇ ದಾರಿಯಿದೆ. ಮ್ಯಾಕ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಮಿಡಿ ಫೈಲಾಗಿ ಹೊರತೆಗೆಯುವ ನೇರ ಸೌಲಭ್ಯವಿಲ್ಲ. ಉಳಿದೆಲ್ಲದರಲ್ಲಿ ಅಷ್ಟು ಸರಳವಾದ ಅದರ ಬಗ್ಗೆ ನನಗಿರುವ ದೊಡ್ಡ ತಕರಾರು ಇದೊಂದೇ.